ಇಬ್ಬರ ತೊಡೆಯ ಮೇಲೊಂದು ಕಂಬಿ

ನಾನು ಒಂದು ಕಂಬಿ. ರೋಲರ್ ಕೋಸ್ಟರ್‌ನಲ್ಲಿ ನೀವು ಕುಳಿತ ಕೂಡಲೇ ತೊಡೆಯ ಮೇಲೆ ಇಳಿದು ಬರುತ್ತದಲ್ಲ, ಆ ಕಂಬಿ. ಗಾಡಿ ಮೇಲೇರುವಾಗ ಎರಡೂ ಕೈಯಲ್ಲಿ ನನ್ನನ್ನು ಹಿಸುಕುತ್ತೀರಿ, ಕಣ್ಣು ಮುಚ್ಚಿ ಮನೆದೇವರ ಹೆಸರು ಹೇಳುತ್ತೀರಿ. ಇಳಿದ ಮೇಲೆ ಹಿಂತಿರುಗಿಯೂ ನೋಡದೆ ಫೋಟೊ ಕೌಂಟರ್‌ಗೆ ಓಡುತ್ತೀರಿ. ಬೇಸರವೇನಿಲ್ಲ. ಹಿಡಿಯುವುದು, ಹಿಡಿಸಿಕೊಳ್ಳುವುದು, ಇಷ್ಟೇ ನನ್ನ ಕೆಲಸ.

ಹುಟ್ಟಿದ್ದು ಬೆಂಗಳೂರಿನ ಪೀಣ್ಯದ ಒಂದು ತಗಡಿನ ಶೆಡ್ಡಿನಲ್ಲಿ. ಉದ್ದ ಪೈಪಾಗಿ ಲಾರಿಯಿಂದ ಇಳಿದ ನನ್ನನ್ನು ಕತ್ತರಿಸಿ, ಬಗ್ಗಿಸಿ, ಬೆಸುಗೆ ಹಾಕಿದವರು ಖಾದರ್ ಬಾಷಾ ಎಂಬ ವೆಲ್ಡರ್. ಮೈಗೆ ಸ್ಪಂಜು ಸುತ್ತಿ ಕಪ್ಪು ರೆಕ್ಸಿನ್ ಹೊಲಿದರು. ಬುಡದಲ್ಲಿ ಗರಗಸದಂಥ ಹಲ್ಲುಗಳ ಪಟ್ಟಿ ಕೂರಿಸಿದರು, ಆ ಹಲ್ಲುಗಳಿಗೆ ಸಿಕ್ಕಿಕೊಳ್ಳಲು ಒಂದು ಉಕ್ಕಿನ ಕೊಕ್ಕೆ. ಕೆಳಕ್ಕೆ ಒತ್ತಿದರೆ ಕಟಕಟ ಎಂದು ಒಂದೊಂದೇ ಹಲ್ಲು ದಾಟಿ ಇಳಿಯುತ್ತೇನೆ. ಮೇಲಕ್ಕೆ ಎಳೆದರೆ ಕೊಕ್ಕೆ ಬಿಡುವುದಿಲ್ಲ. ಸೀಟಿನ ಹಿಂದಿನ ಪೆಡಲ್ ತುಳಿದರೆ ಮಾತ್ರ ನನಗೆ ಬಿಡುಗಡೆ. ಖಾದರ್ ಬಾಷಾ ಸೀಟಿನಲ್ಲಿ ಕೂತು, ನನ್ನನ್ನು ಇಳಿಸಿಕೊಂಡು, ಮೊಣಕಾಲಿನಿಂದ ಬೇಕಾದಷ್ಟು ಗುದ್ದಿದರು. ನಾನು ಕದಲಲಿಲ್ಲ. ಅವರು ನಕ್ಕು ಟೀ ಕುಡಿಯಲು ಹೋದರು. ನನ್ನ ಪರೀಕ್ಷೆ ಅಷ್ಟಕ್ಕೆ ಮುಗಿಯಿತು.

ಅಲ್ಲಿಂದ ನಾನು ಬಂದಿದ್ದು ಮಂಡ್ಯ ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲಿದ್ದ ‘ಬಾನಾಡಿ ಪಾರ್ಕ್’ಗೆ. ನಮ್ಮ ಗಾಡಿಗೆ ‘ಬಿರುಗಾಳಿ’ ಎಂದು ಹೆಸರಿಟ್ಟಿದ್ದರು. ಮೊದಲು ನನ್ನ ಕೆಳಗೆ ಕೂತಿದ್ದು ಮರಳು ತುಂಬಿದ ಗೋಣಿಚೀಲಗಳು. ಅವು ಕಿರುಚಲಿಲ್ಲ, ಯಾರನ್ನೂ ಬೈಯಲಿಲ್ಲ. ಆಮೇಲೆ ಮನುಷ್ಯರು ಬಂದರು.

ನಾನು ಮನುಷ್ಯರನ್ನು ಗುರುತಿಸುವುದು ತೊಡೆಯಿಂದ. ಜೀನ್ಸ್‌ನ ತೊಡೆ, ಪಂಚೆಯ ತೊಡೆ, ಚೂಡಿದಾರದ ತೊಡೆ, ನೆರಿಗೆಯನ್ನು ಎರಡು ಕೈಯಲ್ಲಿ ಒತ್ತಿಹಿಡಿದ ಸೀರೆಯ ತೊಡೆ. ಕೆಲವರು ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲೆ ಬಚ್ಚಿಟ್ಟುಕೊಂಡು ಬರುತ್ತಿದ್ದರು. ಕಾಲೇಜು ಹುಡುಗರು ಉಸಿರೆಳೆದು ಹೊಟ್ಟೆ ಉಬ್ಬಿಸಿ ಕೂರುತ್ತಿದ್ದರು, ನಾನು ಸ್ವಲ್ಪ ಸಡಿಲವಾಗಿ ನಿಂತರೆ ಇಳಿಜಾರಿನಲ್ಲಿ ಸೀಟಿನಿಂದ ಮೇಲೆ ತೇಲಬಹುದೆಂದು. ಆದರೆ ಪ್ಲಾಟ್‌ಫಾರಂ ಮೇಲೆ ಚಿಕ್ಕಹೈದ ಇದ್ದ. ಬಿರುಗಾಳಿಯನ್ನು ಮೊದಲ ದಿನದಿಂದ ಓಡಿಸಿದ ಆಪರೇಟರ್. “ಉಸಿರು ಬುಡ್ರಪ್ಪ. ನಿಮ್ ಹೊಟ್ಟೆ ಎಷ್ಟದೆ ಅಂತ ನಿಮ್ ಹಾಸ್ಟೆಲ್ ಊಟ ನೋಡುದ್ರೆ ಗೊತ್ತಾಯ್ತದೆ” ಎನ್ನುತ್ತಿದ್ದ. ಅವರು ನಗುತ್ತಿದ್ದರು, ನಕ್ಕಾಗ ಉಸಿರು ಹೋಗುತ್ತಿತ್ತು, ಅದೇ ಗಳಿಗೆಯಲ್ಲಿ ಆತ ನನ್ನನ್ನು ಒತ್ತುತ್ತಿದ್ದ. ಒತ್ತಿದ ಮೇಲೆ ಒಮ್ಮೆ ಮೇಲಕ್ಕೆ ಎಳೆದು ನೋಡುತ್ತಿದ್ದ. ಗಟ್ಟಿ ಎನಿಸಿದರೆ “ಹ್ಞೂಂ” ಎಂದು ಮುಂದಿನ ಸೀಟಿಗೆ ನಡೆಯುತ್ತಿದ್ದ.

ಈಗ ನನ್ನ ಹುಟ್ಟಿನ ಒಂದು ವಿಷಯ ಹೇಳಬೇಕು. ಒಂದು ಸೀಟು, ಅದರಲ್ಲಿ ಇಬ್ಬರು, ಇಬ್ಬರಿಗೂ ನಾನೊಬ್ಬನೇ. ನಾನು ಇಳಿಯುತ್ತ ಹೋಗಿ ಇಬ್ಬರಲ್ಲಿ ಯಾರು ದಪ್ಪವೋ ಅವರ ಮೇಲೆ ನಿಲ್ಲುತ್ತೇನೆ. ಪಕ್ಕದವರು ತೆಳ್ಳಗಿದ್ದರೆ ಅವರಿಗೂ ನನಗೂ ನಡುವೆ ಗಾಳಿ.

ಚಿಕ್ಕಹೈದನಿಗೆ ಮಕ್ಕಳೆಂದರೆ ಜೀವ. ಎತ್ತರ ಅಳೆಯುವ ಕೋಲನ್ನು ಈಗಷ್ಟೇ ದಾಟಿದ ಪುಟ್ಟ ಮಕ್ಕಳು ಬಂದರೆ ಸಾಲಿನಲ್ಲೆಲ್ಲ ಕಣ್ಣಾಡಿಸಿ, ಎಲ್ಲರಿಗಿಂತ ಗಟ್ಟಿಮುಟ್ಟಾದ ಹಿರಿಯರನ್ನು ಹುಡುಕಿ ಅವರ ಪಕ್ಕದಲ್ಲೇ ಕೂರಿಸುತ್ತಿದ್ದ. ಅವರು ಮಗುವಿನ ಹೆಗಲಿಗೆ ಕೈ ಹಾಕಿ ಹಿಡಿದುಕೊಳ್ಳುತ್ತಿದ್ದರು. ತಾಯಂದಿರಿಗೆ ಸಮಾಧಾನ. ಮನೆಯ ಬೈಕಿನ ಮೇಲೆ, ಬಸ್ಸಿನಲ್ಲಿ, ದೋಣಿಯಲ್ಲಿ, ಎಲ್ಲೆಲ್ಲೂ ಹಾಗೆ ತಾನೆ? ಮಗುವನ್ನು ದೊಡ್ಡವರ ಪಕ್ಕಕ್ಕೆ ಒತ್ತಿ ಕೂರಿಸುವುದೇ ಕ್ಷೇಮ. ಪಾರ್ಕಿನವರಿಗೆ ಈ ಪದ್ಧತಿ ಎಷ್ಟು ಹಿಡಿಸಿತೆಂದರೆ ಅದನ್ನೇ ಬೋರ್ಡು ಬರೆಸಿ ಹಾಕಿದರು. ಎಳೆದು ನೋಡಿದಾಗ ನಾನು ಗಟ್ಟಿಯಾಗೇ ಇರುತ್ತಿದ್ದೆ. ಗಟ್ಟಿಯಾಗಿರುವುದು ಬೇರೆ, ಹತ್ತಿರವಾಗಿರುವುದು ಬೇರೆ ಎಂದು ಆ ಪ್ಲಾಟ್‌ಫಾರಂ ಮೇಲೆ ಯಾರಿಗೂ ಹೊಳೆದಿರಲಿಲ್ಲ. ನನಗೆ ಗೊತ್ತಿತ್ತು. ಕಂಬಿಗೆ ಗೊತ್ತಿದ್ದು ಏನು ಪ್ರಯೋಜನ?

ವರ್ಷಗಳು ಹೋದವು. ಚಿಕ್ಕಹೈದನ ಮಂಡಿ ಸವೆಯಿತು. ಆತನನ್ನು ಪಾರ್ಕಿಂಗ್ ಗೇಟಿಗೆ ಹಾಕಿ, ಬಿರುಗಾಳಿಯನ್ನು ಜಯಶೀಲಾಗೆ ಕೊಟ್ಟರು. ಟಿಕೆಟ್ ಹರಿಯುವ ಕೆಲಸದಲ್ಲಿದ್ದವಳು. ಆತನ ಹಿಂದೆ ಹಿಂದೆ ಓಡಾಡಿ ಕೆಲಸ ಕಲಿತಿದ್ದಳು. ಒತ್ತುವುದು, ಎಳೆಯುವುದು, “ಹ್ಞೂಂ” ಎನ್ನುವುದು, ಮಕ್ಕಳನ್ನು ದಪ್ಪಗಿದ್ದವರ ಪಕ್ಕ ಕೂರಿಸುವುದು, ಎಲ್ಲವೂ ಅದೇ. ಅವಳ ಬೆರಳುಗಳು ಮಾತ್ರ ತಣ್ಣಗಿದ್ದವು.

ಒಂದು ಮಧ್ಯಾಹ್ನ ಬೀಗರ ಊಟ ಮುಗಿಸಿಕೊಂಡು ಎರಡು ಕಡೆಯ ನೆಂಟರೂ ಟೆಂಪೊ ಟ್ರಾವೆಲರ್‌ನಲ್ಲಿ ಬಂದಿಳಿದರು. ಗಂಡಿನ ಕಡೆಯವರಿಗೆ ಮನರಂಜನೆ ಆಗಲಿ ಎಂದು ಹೆಣ್ಣಿನ ಕಡೆಯವರದೇ ಏರ್ಪಾಡು. ಗಂಡಿನ ದೊಡ್ಡಪ್ಪ ಮಾದೇಗೌಡರು ಆ ಗುಂಪಿಗೆಲ್ಲ ದೊಡ್ಡ ಕುಳ, ವಯಸ್ಸಿನಲ್ಲೂ ಮೈಯಲ್ಲೂ. ಹೆಣ್ಣಿನ ಅಕ್ಕ ವಿನುತಾಗೆ ಇಂಪನಾ ಎಂಬ ಮಗಳು, ಆಗಷ್ಟೇ ಹಲ್ಲು ಬೀಳಲು ಶುರುವಾಗಿದ್ದ ವಯಸ್ಸು. ಕೋಲಿನ ಕೆಳಗೆ ನಿಲ್ಲಿಸಿದರು, ಎತ್ತರ ಸರಿಯಾಗಿಯೇ ಇತ್ತು. ಜಯಶೀಲಾ ಸಾಲನ್ನು ನೋಡಿ ಮಾದೇಗೌಡರನ್ನು ಆರಿಸಿದಳು. ಅವರಿಗೂ ಖುಷಿ. ಹೊಸ ಬೀಗರ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಬಾ ಕೂಸೆ, ಈ ತಾತ ಇರೋಗಂಟ ನಿಂಗ್ಯಾವ ಭಯ?” ಎಂದರು.

ನಾನು ಇಳಿದೆ. ಬೀಗರ ಊಟ ಉಂಡ ಹೊಟ್ಟೆ. ಕೆಲವೇ ಹಲ್ಲು ದಾಟಿ ನಿಂತುಬಿಟ್ಟೆ. ಜಯಶೀಲಾ ಎಳೆದು ನೋಡಿದಳು, ಬಂಡೆಯ ಹಾಗಿದ್ದೆ. “ಹ್ಞೂಂ” ಎಂದು ಹೋದಳು. ನನ್ನ ಎಡ ಅರ್ಧದ ಕೆಳಗೆ ಗೌಡರ ಪಂಚೆ. ಬಲ ಅರ್ಧದ ಕೆಳಗೆ, ಬಹಳ ಕೆಳಗೆ, ರೇಷ್ಮೆ ಲಂಗ. ರೆಕ್ಸಿನ್ ಸೀಟಿನ ಮೇಲೆ ರೇಷ್ಮೆ ಹೇಗೆ ಜಾರುತ್ತದೆಂದು ನನಗೆ ಗೊತ್ತು. ಗೌಡರ ಕೈ ಮಗುವಿನ ಹೆಗಲ ಮೇಲಿತ್ತು. ಆ ಕೈಯನ್ನು ನಾನು ನಂಬುವುದಿಲ್ಲ. ಮೊದಲ ಇಳಿಜಾರಿನಲ್ಲಿ ಯಾರ ಕೈಯೂ ಇನ್ನೊಬ್ಬರ ಮೇಲೆ ಉಳಿಯುವುದಿಲ್ಲ. ಎರಡೂ ನನ್ನ ಮೇಲೆ ಬಂದುಬಿಡುತ್ತವೆ. ಅಷ್ಟು ವರ್ಷಗಳಲ್ಲಿ ಒಬ್ಬರೂ ಬೇರೆ ಥರ ಮಾಡಿದ್ದನ್ನು ನಾನು ಕಂಡಿಲ್ಲ.

ಗಾಡಿ ಹೊರಟಿತು. ಸರಪಳಿ ಕಚ್ಚಿಕೊಂಡಿತು. ಏರು ಶುರುವಾಯಿತು.

ಕೆಳಗೆ ನಿಂತ ತಾಯಿಗೆ ಟಾಟಾ ಮಾಡಬೇಕೆಂದು ಇಂಪನಾಗೆ ಆಸೆಯಾಯಿತು. ಅವಳು ಸುಮ್ಮನೆ ಕಾಲು ಮಡಿಸಿ, ಸೀಟಿನ ಮೇಲೆ ಮಂಡಿಯೂರಿ, ಹಿಂದಕ್ಕೆ ತಿರುಗಿ ಎರಡೂ ಕೈ ಬೀಸಿದಳು. ನಾನು ಅವಳ ಬೆನ್ನಿನ ಹಿಂದೆ ಇದ್ದೆ, ತಗಲದೆ. ತಾಯಿ ನಗುತ್ತ ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದಳು. ನೆಂಟರೆಲ್ಲ ಚಪ್ಪಾಳೆ ತಟ್ಟಿದರು. ಜಯಶೀಲಾ ಕೂಡ ಅಭ್ಯಾಸದಂತೆ ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಕಂಬಿ ಕೆಳಗಿಳಿದ ಸೀಟಿನಲ್ಲಿ ಯಾರೂ ಹಿಂದಕ್ಕೆ ತಿರುಗಲು ಆಗಬಾರದು. ಆ ಕೈಯಿಂದಲೇ ಕೆಂಪು ಗುಂಡಿ ಒತ್ತಿದಳು.

ಗಾಡಿ ಏರಿನ ನಡುವೆ ನಿಂತಿತು. ಕೆಳಗೆ ಗದ್ದಲವೆದ್ದಿತು. ಬೇರೆ ಯಾರೂ ಗಾಡಿ ಹೊರಡಿಸದಂತೆ ಅವಳು ಪ್ಯಾನೆಲ್‌ನಿಂದ ಕೀ ಕಿತ್ತುಕೊಂಡು, ಹಳಿಯ ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತತೊಡಗಿದಳು. ಮ್ಯಾನೇಜರ್ ಕುಶಾಲಪ್ಪ ಓಡಿಬಂದು ಮೈಕ್ ಹಿಡಿದರು. ರಜೆಯ ದಿನ, ಸಾಲು ಗೇಟಿನವರೆಗೆ ಬೆಳೆದಿತ್ತು, ಜನ ಆಗಲೇ ಫೋನ್ ಎತ್ತಿದ್ದರು. ಯಂತ್ರ ಕೆಟ್ಟಿಲ್ಲ, ಗುಂಡಿ ಒತ್ತಿದರೆ ಗಾಡಿ ಹೊರಡುತ್ತದೆ, ಮೇಲೆ ಜನರನ್ನು ಹಾಗೆ ಕೂರಿಸಬಾರದು, ಕೆಳಗೆ ಬಾ ಎಂದು ಮೈಕಿನಲ್ಲೇ ಹೇಳಿದರು. ವಿನುತಾ ತಲೆ ತಗ್ಗಿಸಿ ನಿಂತಿದ್ದಳು. ಬೀಗರನ್ನು ಕರೆತಂದು ಅರ್ಧದಲ್ಲಿ ನೇತುಹಾಕಿದರೆ ನಮ್ಮ ಮರ್ಯಾದೆ ಏನಾಗಬೇಕು ಎಂದು ಅಲ್ಲಿದ್ದವರನ್ನೆಲ್ಲ ಕೇಳುತ್ತಿದ್ದಳು. ಮಗಳು ಕೈ ಬೀಸಿದ್ದೇ ಕಾರಣವೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

ಜಯಶೀಲಾ ನನ್ನ ಬಳಿ ಬಂದು ನಿಂತಳು. ಏದುಸಿರು. ನನ್ನ ಮತ್ತು ಮಗುವಿನ ತೊಡೆಯ ನಡುವೆ ಕೈ ತೂರಿಸಿದಳು. ಕೈ ಮೊಣಕೈವರೆಗೆ ಒಳಗೆ ಹೋಯಿತು, ಏನೂ ತಗಲಲಿಲ್ಲ. ಮಗುವನ್ನು ಅಲ್ಲಿ ಕೂರಿಸಿದವಳು ಅವಳೇ.

ಮಾದೇಗೌಡರಿಗೆ ಮುಖಭಂಗವಾಗಿತ್ತು. “ಏನವ್ವಾ, ನಾನು ಇಡ್ಕಂಡಿಲ್ವಾ? ನನ್ ಕೈ ಬುಟ್ಟು ಎಲ್ಲೋದದು ಮಗ?”

“ಆ ತುದೀಲಿ ಬಗ್ಗುದಾಗ ನಿಮ್ ಕೈ ನಿಮ್ಮ ಮಾತೇ ಕೇಳಕಿಲ್ಲ ಯಜಮಾನ್ರೆ” ಎಂದಳು ಜಯಶೀಲಾ.

ಕೆಳಗಿನಿಂದ ಮತ್ತೆ ಮೈಕು ಕೇಳಿತು. ಅವಳು ತಿರುಗಿ, ಜೋರಾಗಿ ಆದರೆ ನಿಧಾನವಾಗಿ ಹೇಳಿದಳು: “ಕೀ ನನ್ ತಾವ ಅದೆ ಸಾರ್. ಈ ಮಗ ಇಳಿಯೋಗಂಟ ಕೊಡಕಿಲ್ಲ. ಆಮೇಲೆ ಬೇಕಾರೆ ಕೆಲಸದಿಂದ ತೆಗೀರಿ.”

ಕುಶಾಲಪ್ಪ ಮೈಕ್ ಕೆಳಗಿಟ್ಟರು.

ಅವಳು ಒಂದು ಕೈಯಲ್ಲಿ ಮಗುವನ್ನು ಬಳಸಿಕೊಂಡು ಪೆಡಲ್ ತುಳಿದಳು. ನಾನು ಎದ್ದೆ. ಇಂಪನಾ ಮೆಟ್ಟಿಲಿಗೆ ಇಳಿದಳು. ಇನ್ನು ಗೌಡರು. ಅವರು ಎದ್ದು ನಿಂತು, ಜಾಲರಿಯ ಮೆಟ್ಟಿಲಿನ ತೂತುಗಳಿಂದ ಕೆಳಗಿನ ನೆಲ ನೋಡಿ, ಮತ್ತೆ ಕೂತುಬಿಟ್ಟರು. ಪಂಚೆ ಎತ್ತಿ ಕಟ್ಟಿದರು, ಬಿಟ್ಟರು, ಮತ್ತೆ ಕಟ್ಟಿದರು. ತಮಗೆ ಬಿಪಿ ಇದೆ ಎಂದರು. ಮಗು ಅವರ ಹೆಬ್ಬೆರಳು ಹಿಡಿದುಕೊಂಡಿತು. “ಕಣ್ಣು ಮುಚ್ಕೊ ತಾತ. ಮೆಟ್ಲು ಬಂದಾಗ ನಾನು ಹೇಳ್ತೀನಿ.” ಮುಂದೆ ಜಯಶೀಲಾ, ನಡುವೆ ಮಗು, ಹಿಂದೆ ಕಣ್ಣು ಮುಚ್ಚಿದ ಮಾದೇಗೌಡರು. ಹೀಗೆ ಇಳಿದು ಹೋದರು. ಆಮೇಲೆ ಜಯಶೀಲಾ ಮತ್ತೆ ಹತ್ತಿ ಬಂದು ಪೆಡಲ್ ತುಳಿದಂತೆ, ಉಳಿದ ನೆಂಟರೂ ಸೀರೆ ಸೆರಗು ಸುತ್ತಿಕೊಂಡು, ಬೈದುಕೊಂಡು, ಒಬ್ಬೊಬ್ಬರಾಗಿ ಇಳಿದರು.

ಜನ ಚದುರಿದ ಮೇಲೆ ಖಾಲಿ ಗಾಡಿಯನ್ನು ಪ್ಲಾಟ್‌ಫಾರಂಗೆ ತಂದರು. ಕುಶಾಲಪ್ಪ ಬಂದು ಮೊದಲು ಕೀ ಕೇಳಿ ಇಸಿದುಕೊಂಡರು. ಅವರು ಸಿಟ್ಟಿನಲ್ಲೇ ಇದ್ದರು. ಆದರೂ ಏನು ಕಂಡೆ ತೋರಿಸು ಎಂದರು. ಅವರದೂ ಒಳ್ಳೆಯ ಮೈಕಟ್ಟು. ತಾವೇ ಗೌಡರ ಜಾಗದಲ್ಲಿ ಕೂತು, ಕಡ್ಡಿಯಂತಿದ್ದ ಜಯಶೀಲಾಳನ್ನು ಪಕ್ಕದಲ್ಲಿ ಕೂರಿಸಿ, ನನ್ನನ್ನು ಎಳೆದುಕೊಂಡರು. ನಾನು ಅವರ ಮೇಲೆ ನಿಂತೆ. ಜಯಶೀಲಾ ತನ್ನ ಊಟದ ಡಬ್ಬಿಯನ್ನು ತೊಡೆಯ ಮೇಲೆ ನಿಲ್ಲಿಸಿದಳು. ಡಬ್ಬಿ ನನಗೆ ತಗಲಲೇ ಇಲ್ಲ. ದೊಡ್ಡವಳ ಮೇಲೇ ಇಷ್ಟು ಜಾಗ ಉಳಿದರೆ ಮಗುವಿನ ಮೇಲೆ ಎಷ್ಟು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಕುಶಾಲಪ್ಪ ಡಬ್ಬಿಯ ಮೇಲಿನ ಖಾಲಿ ಜಾಗಕ್ಕೆ ತಾವೂ ಕೈ ತೂರಿಸಿ ನೋಡಿದರು. ಆಮೇಲೆ ಬಿರುಗಾಳಿಯ ಗೇಟಿಗೆ ಬೀಗ ಹಾಕಿಸಿದರು. ಮಕ್ಕಳನ್ನು ದೊಡ್ಡವರ ಪಕ್ಕ ಕೂರಿಸಿ ಎನ್ನುವ ಆ ಬೋರ್ಡನ್ನು ತಾವೇ ನಿಂತು ಇಳಿಸಿದರು.

ಗಲಾಟೆ ಕೇಳಿ ಚಿಕ್ಕಹೈದ ಪಾರ್ಕಿಂಗ್ ಗೇಟಿನಿಂದ ಕುಂಟುತ್ತ ಬಂದಿದ್ದ. ಆತ ಡಬ್ಬಿಯನ್ನೂ ನನ್ನನ್ನೂ ನೋಡಿದ. ಪ್ಲಾಟ್‌ಫಾರಂ ಅಂಚಿನಲ್ಲಿ ಕೂತ. “ಎಷ್ಟ್ ಮಕ್ಕಳನ್ನ ಕೂರ್ಸುದ್ನವ್ವಾ ನಾನಿಲ್ಲಿ” ಎಂದ. ಜಯಶೀಲಾ ಅವನ ಪಕ್ಕ ಹೋಗಿ ಕೂತಳು. ಅವಳ ಕೆಲಸ ಹೋಗಲಿಲ್ಲ. ಆ ವಿಷಯ ಆಮೇಲೆ ಯಾರೂ ಎತ್ತಲಿಲ್ಲ.

ಸ್ವಲ್ಪ ಕಾಲ ಸರಿಸಮ ಮೈಯವರನ್ನು ಜೋಡಿ ಮಾಡಿ ಕೂರಿಸುವ ಯೋಚನೆ ನಡೆಯಿತು. ಗಂಡ ಹೆಂಡತಿಯರನ್ನು ಬೇರೆ ಬೇರೆ ಕೂರಿಸಲು ಹೋದರೆ ಜಗಳವಾಗುತ್ತದೆ ಎಂದು ಕೈಬಿಟ್ಟರು. ಕೊನೆಗೆ ಹೊಸ ಗಾಡಿ ಬಂತು. ಅದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಂಬಿ. ನನ್ನನ್ನು ಸೀಟಿನ ಸಮೇತ ಬಿಚ್ಚುವಾಗ ಫಿಟ್ಟರ್ ಕೇಳಿದ, ಇದರಲ್ಲಿ ಏನು ಕೆಟ್ಟಿದೆ ಎಂದು. “ಕೆಟ್ಟಿಲ್ಲ. ಇಬ್ಬರಿಗೂ ಒಂದೇ ಇತ್ತು, ಅಷ್ಟೆಯ” ಎಂದಳು ಜಯಶೀಲಾ. ನನ್ನ ಬಗ್ಗೆ ಯಾರಾದರೂ ಹೇಳಿದ ಮಾತುಗಳಲ್ಲಿ ಇದಕ್ಕಿಂತ ನಿಜವಾದದ್ದಿಲ್ಲ.

ಈಗ ಮೈಸೂರಿನ ಹೊರಗಿನ ಒಂದು ಗುಜರಿ ಅಂಗಡಿಯಲ್ಲಿದ್ದೇನೆ. ಸುತ್ತ ಫ್ಯಾನಿನ ರೆಕ್ಕೆಗಳು, ಗ್ರೈಂಡರಿನ ಡ್ರಮ್ಮುಗಳು, ಸೈಕಲ್ ಚೌಕಟ್ಟುಗಳು. ರೆಕ್ಸಿನ್ ಹರಿದು ಸ್ಪಂಜು ಹೊರಬಂದಿದೆ. ಲಾರಿಯಿಂದ ಎಸೆದ ರಭಸಕ್ಕೆ ಹಲ್ಲುಗಳನ್ನೆಲ್ಲ ಒಂದೊಂದಾಗಿ ದಾಟಿ, ಕಟ್ಟಕಡೆಯ ಹಲ್ಲಿಗೆ ಬಂದು ನಿಂತಿದ್ದೇನೆ. ಕೆಲಸದಲ್ಲಿದ್ದಾಗ ಜನರು ಕೂತ ಸೀಟಿನಲ್ಲಿ ಇಷ್ಟು ಕೆಳಗೆ ಎಂದೂ ಬಂದಿರಲಿಲ್ಲ. ಇಲ್ಲಿ ಒಂದು ಮಗುವಿನ ತೊಡೆಯಷ್ಟೇ ಜಾಗವಿದೆ. ಅದರಲ್ಲಿ ಅಂಗಡಿಯ ಬೆಕ್ಕು ಮಲಗುತ್ತದೆ.

ಇಂಪನಾ ಎಲ್ಲೋ ಬೆಳೆಯುತ್ತಿರಬೇಕು. ಹೊಸ ಹಲ್ಲುಗಳು ಬಂದಿರಬೇಕು. ಅರ್ಧ ದಾರಿಯಲ್ಲಿ ಇಳಿಸಿಬಿಟ್ಟರೆಂದು ಆ ಪಾರ್ಕಿನ ಮೇಲೆ ಅವಳಿಗೆ ಇನ್ನೂ ಮುನಿಸಿದ್ದರೂ ಇರಬಹುದು. ಒಂದು ಕೆಂಪು ಗುಂಡಿ ಒತ್ತಿದ್ದರಿಂದ ಅವಳು ಅಲ್ಲಿದ್ದಾಳೆ, ನಾನು ಇಲ್ಲಿದ್ದೇನೆ. ನನಗೆ ಇದು ಸರಿಯಾಗಿಯೇ ಕಾಣುತ್ತದೆ.