ಚಿಕ್ಕಬಸಮ್ಮ ಉಂಗುರ ಬಿಚ್ಚಿದ್ದು

"ಆಪರೇಷನ್ ಏನೋ ಚೆನ್ನಾಗೇ ಆಯ್ತು, ಗಾಯ ಮಾತ್ರ ಕೀವಾಯ್ತು." ಈ ಮಾತನ್ನು ನಮ್ಮ ಕಡೆ ಕೇಳದವರು ಯಾರಿದ್ದಾರೆ? ಕೊಳ್ಳೇಗಾಲದ ಒಂದು ನರ್ಸಿಂಗ್ ಹೋಮಿನಲ್ಲಿ ಹದಿನೆಂಟು ವರ್ಷದಿಂದ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ಆಯಾ ಚಿಕ್ಕಬಸಮ್ಮ ಇದಕ್ಕೆ ಕೊಡುತ್ತಿದ್ದುದು ಒಂದೇ ಉತ್ತರ: "ಅವ್ರವ್ರ ಅಣೆಬರ ಕಣ್ರಿ."

1996ರಲ್ಲಿ ಅಗರದ ಯಶೋದ ಅಲ್ಲಿಗೆ ಹೊಸ ನರ್ಸಾಗಿ ಬಂದಳು. ಅವಳು ಪಟ್ಟಿ ಕಟ್ಟಿದ ಗಾಯಗಳು ಬೇಗ ಒಣಗುತ್ತಿದ್ದವು. ಮೂರೇ ತಿಂಗಳಲ್ಲಿ ರೋಗಿಗಳ ಬಾಯಲ್ಲೆಲ್ಲ ಯಶೋದಳ ಕೈಗುಣದ್ದೇ ಮಾತು. ಚಿಕ್ಕಬಸಮ್ಮನಿಗೆ ಹೊಟ್ಟೆ ಉರಿದುಹೋಯಿತು. ಮಂಚಕ್ಕೊಂದು ಸಲ ನಲ್ಲಿಯ ಹತ್ತಿರ ಹೋಗುವ ಯಶೋದಳನ್ನು ಕಂಡರೆ, "ಬಂದ್ಲು ನೋಡು ಮಡಿಯಮ್ಮ" ಎಂದು ಮೂತಿ ತಿರುವುತ್ತಿದ್ದಳು.

ಹೀಗಿರುವಾಗ ಚಿಕ್ಕಬಸಮ್ಮನ ಮಗಳು ರೂಪ ಹೆರಿಗೆಗೆಂದು ಅಲ್ಲಿಗೇ ಬಂದಳು. ಮಗು ಅಡ್ಡ ತಿರುಗಿದ್ದರಿಂದ ಹೊಟ್ಟೆ ಕುಯ್ದು ತೆಗೆಯಬೇಕಾಯಿತು. ಮಗಳ ಗಾಯವನ್ನು ತಾನೇ ಒಣಗಿಸಿ, ಯಾರ ಕೈಗುಣ ದೊಡ್ಡದೆಂದು ಊರಿಗೇ ತೋರಿಸಬೇಕು ಎಂದುಕೊಂಡಳು ಚಿಕ್ಕಬಸಮ್ಮ.

ಮೂರನೆಯ ದಿನ, ಪಕ್ಕದ ಮಂಚದ ಸೋಮಮ್ಮನ ಕೀವು ಸೋರುವ ಕಾಲಿಗೆ ಪಟ್ಟಿ ಬದಲಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಮಗಳ ಹತ್ತಿರ ಬಂದಳು. ರೂಪ ಹೊಟ್ಟೆಗೆ ಕೈ ಅಡ್ಡ ಹಿಡಿದಳು.

"ಅವ್ವ, ನೀ ಬ್ಯಾಡ. ಯಶೋದಕ್ಕ ಕಟ್ಲಿ."

ಹೆತ್ತ ಮಗಳೇ ಹೀಗಂದದ್ದು ಮುಖಕ್ಕೆ ಹೊಡೆದಂತಾಯಿತು. "ನನ್ ಮಗಳಿಗೂ ಮಂಕುಬೂದಿ ಎರಚಿದ್ದೀಯಲ್ಲೇ" ಎಂದು ಅಲ್ಲೇ ನಿಂತಿದ್ದ ಯಶೋದಳ ಮೇಲೆ ಹರಿಹಾಯ್ದಳು.

ಯಶೋದ ಸಿಟ್ಟಾಗಲಿಲ್ಲ. "ಅಕ್ಕ, ಕೆಲ್ಸ ಮುಗಿಸಿ ಮನೇಗ್ ಓದ ತಕ್ಷಣ ಏನ್ ಮಾಡ್ತೀರಿ?"

"ಬಚ್ಚಲಿಗ್ ಓಯ್ತೀನಿ. ನೀರ್ ಉಯ್ಕಳದೆ ಒಲೆ ಮುಟ್ಟಕಿಲ್ಲ."

"ಯಾಕಕ್ಕ?"

"ಆಸ್ಪತ್ರೆ ಕೊಳೆ ಮನೇಗ್ ಅಂಟಬಾರ್ದು ಅಂತ ಕಣಮ್ಮಿ. ಅಷ್ಟೂ ತಿಳೀದಾ?"

"ಮನೇಗ್ ಅಂಟೋ ಕೊಳೆ ಈ ಮಂಚದಿಂದ ಆ ಮಂಚಕ್ಕೆ ಅಂಟಾಕಿಲ್ವಾ? ಸೋಮಮ್ಮನ ಗಾಯದ ರೋಗಾಣು ಈಗ ನಿಮ್ ಕೈಲದೆ, ಕಣ್ಣಿಗ್ ಕಾಣಕಿಲ್ಲ. ಅದು ರೂಪನ ಗಾಯಕ್ ಓದ್ರೆ ಜರ ಬತ್ತದೆ, ಆಕಿರೋ ಒಲಿಗೆ ಬಿಟ್ಕತ್ತದೆ, ಬಾಣಂತಿ ಜೀವಕ್ಕೇ ಕುತ್ತಾಯ್ತದೆ. ನಂಗ್ಯಾವ ಕೈಗುಣಾನೂ ಇಲ್ಲಕ್ಕ. ಒಬ್ಬೊಬ್ರನ್ನೂ ಮುಟ್ಟಕ್ ಮುಂಚೆ, ಮುಟ್ಟಿದ್ ಮೇಲೆ ಸೋಪಾಕಿ ತೊಳೀತೀನಿ, ಅಷ್ಟೇಯ."

ಚಿಕ್ಕಬಸಮ್ಮ ತನ್ನ ಕೈಯನ್ನೇ ನೋಡಿಕೊಂಡಳು. ತಾನು ಪಟ್ಟಿ ಕಟ್ಟಿದ ಮೇಲೆ ಕೀವಾದವರ ಮುಖಗಳು ಒಂದೊಂದಾಗಿ ನೆನಪಾದವು. ಅವಳಿಗೆ ಭಯವಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ನಲ್ಲಿಗೆ ಹೋದಳು. ಮಾದಪ್ಪನ ಬೆಟ್ಟದಲ್ಲಿ ಕೊಂಡ ತಾಮ್ರದ ಉಂಗುರವನ್ನು ವರ್ಷಗಳಿಂದ ಬಿಚ್ಚಿರಲಿಲ್ಲ. ಸೋಪು ಸವರಿ ಎಳೆದಾಗ ಅದರಡಿ ಕೊಳೆ ಕಟ್ಟಿತ್ತು. ಬೆರಳ ಸಂದು, ಉಗುರು, ಅಂಗೈ, ಮುಂಗೈ ಎಲ್ಲವನ್ನೂ ಉಜ್ಜಿ ತೊಳೆದು, ಸೆರಗು ಮುಟ್ಟದೆ, ಶುಭ್ರವಾದ ಬಟ್ಟೆಯಲ್ಲಿ ಒರೆಸಿಕೊಂಡು ಬಂದಳು. ರೂಪ ಅಡ್ಡ ಹಿಡಿದಿದ್ದ ಕೈ ತೆಗೆದಳು.

ಎಂಟನೆಯ ದಿನ ಹೊಲಿಗೆ ಬಿಚ್ಚಿದಾಗ ಗಾಯ ಚೆನ್ನಾಗಿ ಒಣಗಿತ್ತು. ಮಾಂಬಳ್ಳಿಯಿಂದ ಬಸ್ಸಿಳಿದು ನೇರವಾಗಿ ಮಗುವಿಗೆ ಕೈಚಾಚಿದ ಅಳಿಯ ಮಹದೇವಸ್ವಾಮಿಯನ್ನು ಚಿಕ್ಕಬಸಮ್ಮ ಬಾಗಿಲಲ್ಲೇ ತಡೆದಳು. "ಮೊದ್ಲು ಕೈ ತೊಳ್ಕಂಡ್ ಬನ್ನಿ, ಆಮೇಲೆ ಮಗ ಎತ್ಕಳಿ." ಅವನೂ ಕೈ ತೊಳೆದು ಬಂದ.

ಅವಳ ಹೊಟ್ಟೆಕಿಚ್ಚು ಅಷ್ಟಕ್ಕೇ ಆರಿತೆಂದರೆ ಸುಳ್ಳಾದೀತು. ಯಶೋದ ಒಂದು ಸಲ ಕೈ ತೊಳೆದರೆ ಇವಳು ಎರಡು ಸಲ ತೊಳೆಯತೊಡಗಿದಳು. ರೋಗಿಗಳಿಗೆ ಅದರಿಂದ ಒಳ್ಳೆಯದೇ ಆಯಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯವರು ಆಸ್ಪತ್ರೆಯಲ್ಲಿದ್ದಾಗ, ಮುಟ್ಟಲು ಬರುವವರು ಡಾಕ್ಟರಾಗಲಿ, ನರ್ಸಾಗಲಿ, ಆಯಾ ಆಗಲಿ, "ಕೈ ತೊಳೆದಿರಾ?" ಎಂದು ನಯವಾಗಿ ಕೇಳಿ. ನೋಡಲು ಹೋದ ನೀವೂ ತೊಳೆಯಿರಿ. ಕೇಳಲು ನಾಚಿಕೊಂಡರೆ ನೋವು ತಿನ್ನುವವರು ಮಂಚದ ಮೇಲಿರುವ ನಿಮ್ಮವರೇ.