ಹಲ್ಲಲ್ಲಿ ಕಚ್ಚಿದ ಬಲೆ

ಸೀಸದ ರುಚಿ, ಮತ್ತೆ ಅದೇ, ನಾಲಿಗೆಯ ತುದಿಗೆ ತಣ್ಣಗೆ, ಬೀಗದ ಕೈಯನ್ನು ಬಾಯಲ್ಲಿಟ್ಟುಕೊಂಡ ಹಾಗೆ — ಹರಿತಾ ಸೀಸದ ಗುಂಡು ಪೋಣಿಸಿದ ಬಲೆಯ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು ಕೆರೆಯ ಮೊಣಕಾಲುದ್ದ ನೀರಲ್ಲಿ ನಿಂತಿದ್ದಾಳೆ, ಎಡ ಮುಂಗೈಗೆ ಹಗ್ಗದ ಕುಣಿಕೆ, ಅರ್ಧ ಬಲೆ ಮೊಣಕೈ ಮೇಲೆ, ಇನ್ನರ್ಧ ಬಲಗೈಯಲ್ಲಿ, ಇನ್ನೇನು ಸೊಂಟ ತಿರುಗಿಸಿ ಬೀಸಬೇಕು, ಅಷ್ಟರಲ್ಲಿ ದಡದಿಂದ ಅಪ್ಪನ ಕೆಮ್ಮು, ಕೆಮ್ಮು ಬಂತೆಂದರೆ ಹಿಂದೆಯೇ ಮಾತು ಬರುತ್ತದೆ, ಮಧ್ಯಾಹ್ನಕ್ಕೆ ಪೆದ್ದಣ್ಣ ಬತ್ತಾರೆ ಕಣಮ್ಮ, ಕೊರಮೀನು ಸಾರು ಮಾಡ್ಸಿ ಅಂದವ್ರೆ. ಪೆದ್ದಣ್ಣ ಎಂದರೆ ಭಾವನ, ತೀರಿಹೋದ ಅಕ್ಕನ ಗಂಡನ, ಅಣ್ಣ, ಆ ಮನೆಯ ಯಜಮಾನ, ಸಾರು ಉಣ್ಣುವುದಕ್ಕೆಂದು ಕೊಡಿಕೊಂಡದಿಂದ ಇಷ್ಟು ದೂರ ಬರುವ ಆಸಾಮಿ ಅಲ್ಲ — ಆದರೆ ಕೇಳುವುದು ಹೇಗೆ, ಬಾಯಿ ತುಂಬ ಬಲೆ, ಅಪ್ಪನಿಗೆ ಅದು ಚೆನ್ನಾಗಿ ಗೊತ್ತು, ಕಾಳಪ್ಪನೆಂಬ ಈ ಮನುಷ್ಯ ಮಗಳ ಬಾಯಿ ಬಿಡುವಾಗಿದ್ದಾಗ ಹವಾಮಾನದ ಬಗ್ಗೆ ಮಾತಾಡುತ್ತಾನೆ, ಅವಳು ಬಲೆ ಕಚ್ಚಿದ ಮೇಲೆಯೇ ಆ ಭಾವನೊಂದಿಗಿನ ಮದುವೆಯ ವಿಷಯ ಎತ್ತುತ್ತಾನೆ. ಅವಳು ಹ್ಞೂಂ ಎಂದಳೋ ಊಹೂಂ ಎಂದಳೋ ಯಾರಿಗೂ ತಿಳಿಯುವುದಿಲ್ಲ, ಅವನಿಗೆ ಬೇಕಾದದ್ದೇ ಕೇಳಿಸುತ್ತದೆ.

ಬೀಸಿದಳು, ಹಲ್ಲು ಬಿಟ್ಟಳು, ಬಲೆ ಗಾಳಿಯಲ್ಲಿ ದುಂಡಗೆ ಅರಳಿ ನೀರಿಗೆ ಬಿತ್ತು, ಪರವಾಗಿಲ್ಲ, ಕೈ ಮರೆತಿಲ್ಲ — ಚಿಕ್ಕವಳಿದ್ದಾಗ ಬಿಡುವುದು ತಡವಾಗಿ ಹಾಲುಹಲ್ಲೊಂದು ಬಲೆಯ ಜೊತೆಗೇ ಹೋಗಿತ್ತು, ಅಕ್ಕ ಅಮೃತಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು, ಬುಡೋ ಹೊತ್ಗೆ ಬುಡ್ಬೇಕು ಕಣಮ್ಮ, ಇಲ್ದಿದ್ರೆ ಬಲೆ ನಿನ್ನೇ ಎಳ್ಕೊಂಡೋಯ್ತದೆ, ಅಂದವನು ಇದೇ ಅಪ್ಪ. ಈಗ ಅವನ ಬಲಭುಜ ಹಿಡಿದುಕೊಂಡು ಕೈ ಕಿವಿಯ ಮಟ್ಟಕ್ಕೂ ಏಳುವುದಿಲ್ಲ, ಹಾಗಿದ್ದರೂ ಹೋದ ವಾರ ಫೋನಿನಲ್ಲಿ, ಹಿಂದೂಪುರದಾಗೆ ಒಂದು ಬೀಸುಬಲೆ ನೋಡಮ್ಮ, ಹಳೇದು ಹರ್ದೋಗೈತೆ. ಬೀಸುವವರು ಯಾರು ಎಂದು ಅವಳು ಆಗಲೇ ಕೇಳಬೇಕಿತ್ತು, ಕೇಳಲಿಲ್ಲ, ಫ್ಯಾಕ್ಟರಿ ಶಿಫ್ಟ್ ಮುಗಿಸಿ ಹುಣಸೆಹಣ್ಣಿನ ಮಂಡಿಗಳ ಹುಳಿ ವಾಸನೆಯನ್ನು ದಾಟಿಕೊಂಡು ಚಂದ್ರಮೋಹನನ ಅಂಗಡಿಗೆ ಹೋದಳು, ಏಂ ಪಡ್ತಾವಮ್ಮಾ ಎಂದು ಅವನು ತೆಲುಗಿನಲ್ಲೇ ಕೇಳಿದ, ಯಾವ ಮೀನು ಹಿಡಿಯುತ್ತೀ ಎಂದು, ಎರೆಗೆ ಸಾಸಲು, ಜೀವಂತ ಬೇಕು ಎಂದಳು. ಹಂಗಾದ್ರೆ ಈ ದೊಡ್ಡ ಕಣ್ಣಿನ ಬಲೆ ಬ್ಯಾಡ, ಸಾಸಲು ತಲೆ ತೂರಿಸಿ ಕಿವಿರು ಸಿಕ್ಕಾಕ್ಕಂಡು ಸತ್ತೋಯ್ತವೆ, ಸತ್ತ ಮೀನ ಕೊರಮೀನು ಮೂಸಿ ನೋಡಾಕಿಲ್ಲ, ಸಣ್ಣ ಕಣ್ಣಿಂದು ತಗೋ, ಆದ್ರೆ ಅದು ನಿಧಾನಕ್ಕೆ ಮುಳುಗ್ತದೆ, ಸೀಸ ಜಾಸ್ತಿ ಇರ್ಲಿ. ಅವಳು ಬಲೆಯನ್ನು ತೂಗಿ ನೋಡಿದಳು, ಕಣ್ಣುಗಳಲ್ಲಿ ಕಿರುಬೆರಳು ತೂರಿಸಿ ನೋಡಿದಳು, ಗಂಟುಗಳನ್ನು ಎಳೆದು ನೋಡಿದಳು, ತನ್ನ ಸಂಬಳದಲ್ಲಿ ಅಪ್ಪನಿಗೊಂದು ಬಲೆ ಎಂದು ಖುಷಿಯಾಗಿತ್ತು ಬೇರೆ. ಎಂಥ ಜಾಣೆ.

ಹಗ್ಗ ಎಳೆಯುತ್ತಾಳೆ, ನಿಧಾನ, ಸೀಸ ಕೆಸರಿನಲ್ಲಿ ತೆವಳುವುದು ಮುಂಗೈಗೆ ತಿಳಿಯುತ್ತದೆ, ಒಳಗೆ ಪುಟಪುಟ ಬಡಿತ, ಇವೆ, ಬೇಕಾದಷ್ಟಿವೆ — ಸಂಜೆಯ ಬಸ್ಸು ಕುಂದುರ್ಪಿಯಿಂದ ಕಲ್ಯಾಣದುರ್ಗಕ್ಕೆ, ಅಲ್ಲಿಂದ ಹಿಂದೂಪುರ, ನಾಳೆ ಬೆಳಿಗ್ಗೆ ಫ್ಯಾಕ್ಟರಿಯಲ್ಲಿ ಅವಳ ಲೈನಿಗೆ ಅವಳೇ ಸೂಪರ್‌ವೈಸರ್, ಹಾಸ್ಟೆಲಿನ ಕಿಟಕಿ ಪಕ್ಕದ ಮಂಚ, ಅದರ ಮೇಲೆ ಅವಳು ಹೇಗೆ ಬೇಕಾದರೂ ಹೊರಳಬಹುದು, ಆ ಮಂಚ ಅವಳಿಗೆ ಬೇಕು, ಇಷ್ಟು ಸಣ್ಣದನ್ನು ಬೇಕು ಎನ್ನುವುದಕ್ಕೂ ನಾಚಿಕೆ. ಭಾವ ನರೇಶ ಕೆಟ್ಟವನಾಗಿದ್ದರೆ ಎಷ್ಟು ಸಲೀಸಾಗಿತ್ತು, ಕುಡಿಯುವುದಿಲ್ಲ, ಬಯ್ಯುವುದಿಲ್ಲ, ಕೊಡಿಕೊಂಡದ ಚೆಕ್‌ಪೋಸ್ಟಿನ ಹತ್ತಿರ ಲಾರಿಗಳಿಗೆ ಪಂಕ್ಚರ್ ಹಾಕುತ್ತಾನೆ, ಅಕ್ಕ ಕಾಮಾಲೆಯಲ್ಲಿ ಹೋದಾಗ ಮಣ್ಣಿನ ಮೇಲೆ ಬಿದ್ದು ಅತ್ತ, ಮೊನ್ನೆ ಹರಿತಾ ನೀರು ಕೊಟ್ಟರೆ ತಲೆ ಎತ್ತದೆ ಇಡು ಅಮ್ಮೂ ಅಂದ — ಅಮ್ಮೂ ಎಂದರೆ ಅಕ್ಕ. ಇಬ್ಬರೂ ಬೆಚ್ಚಿದರು. ಆ ಹೆಸರಿನಲ್ಲಿ ಉಳಿದ ಆಯಸ್ಸೆಲ್ಲ ಓಗೊಡಬೇಕೇ, ಬೇಡ, ನನ್ನಿಂದಾಗದು, ಇವತ್ತು ಹೇಳಿಬಿಡಬೇಕು, ಪೆದ್ದಣ್ಣ ಬರುವ ಮೊದಲೇ ಹೇಳಬೇಕು, ಅವರ ಮನೆಯ ಪದ್ಧತಿ ಗೊತ್ತಲ್ಲ, ಬಾಯಿಬಿಟ್ಟು ಒಪ್ಪಿಗೆ ಕೇಳುವುದಿಲ್ಲ, ಹಿರಿಯರ ಎದುರಿಗೆ ಸತ್ತವಳ ಮಗುವನ್ನು ತಂಗಿಯ ಮಡಿಲಿಗೆ ಹಾಕುತ್ತಾರೆ, ಕೂರಿಸಿಕೊಂಡಳೋ ಮಾತು ಮುಗಿಯಿತು, ವೀಳ್ಯ ಬದಲಾಯಿಸುತ್ತಾರೆ. ಕೂರಿಸಿಕೊಳ್ಳಲೇಬಾರದು, ಎದ್ದು ನಿಂತೇ ಇರಬೇಕು, ನಿಂತವಳಿಗೆ ಮಡಿಲಿಲ್ಲ.

ಅಮ್ಮಾ — ಕೀರಲು ದನಿ, ದಡದಿಂದ ಲಾಸ್ಯ, ಅಕ್ಕನ ಮಗಳು, ಚಡ್ಡಿ ಒದ್ದೆ, ಕೈಯಲ್ಲಿ ಬೆಲ್ಲದ ಚೂರು. ಪಿನ್ನಿ ಅನ್ನುತ್ತಿತ್ತು, ಚಿಕ್ಕಮ್ಮಂದಿರನ್ನು ಈ ಕಡೆಯ ಮಕ್ಕಳೆಲ್ಲ ಕರೆಯುವ ಹಾಗೆ, ಹೋದ ತಿಂಗಳು ಬಂದಾಗಲೂ ಪಿನ್ನಿ ಪಿನ್ನಿ ಎಂದು ಸೆರಗು ಹಿಡಿದು ಸುತ್ತಿತ್ತು, ಈ ಸಲ ಅಮ್ಮ. ಎದೆ ಜುಮ್ಮೆಂದಿತ್ತು, ಸುಳ್ಳೇಕೆ, ನಿನ್ನೆ ಆ ಕರೆ ಕೇಳಿ ಹಿತ್ತಿಲಿಗೆ ಹೋಗಿ ಅತ್ತಳು, ಅತ್ತು ಮುಖ ತೊಳೆದು ಒಳಗೆ ಬರುವಾಗ ಅಡುಗೆಮನೆಯಲ್ಲಿ ಅವ್ವ ಮುನೆಮ್ಮನ ಪಿಸುಮಾತು, ಪಿನ್ನಿ ಅನ್ಬಾರ್ದು ಕಣೆ, ಏನನ್ಬೇಕು, ಹೇಳು, ಅಮ್ಮ ಅಂತ ಮಗು ಹೇಳಿದ ಕೂಡಲೇ ಬೆಲ್ಲದ ಡಬ್ಬಿಯ ಮುಚ್ಚಳ ತೆರೆದ ಸದ್ದು. ಮಗು ಬೆಲ್ಲಕ್ಕೆ ಕರೆಯುತ್ತದೆ, ಅವಳಿಗದು ಗೊತ್ತು, ಗೊತ್ತಿದ್ದೂ ಎದೆ ಮತ್ತೆ ಜುಮ್ಮೆನ್ನುತ್ತದೆ.

ಬಲೆಯನ್ನು ದಡಕ್ಕೆಳೆದಳು, ಬೆರಳುದ್ದದ ಸಾಸಲುಗಳು ಬೆಳ್ಳಿಯಂತೆ ಹೊಳೆಯುತ್ತ ಹಾರಿದವು, ಒಂದಕ್ಕೂ ಗಾಯವಿಲ್ಲ, ಚಂದ್ರಮೋಹನ ಸರಿಯಾಗೇ ಹೇಳಿದ್ದ. ಅಪ್ಪ ಒಂದನ್ನು ಎತ್ತಿಕೊಂಡು ಬೆನ್ನಿನ ಈಜುರೆಕ್ಕೆಯ ಕೆಳಗೆ ಗಾಳ ಚುಚ್ಚಿದ, ಮೂಳೆಗೆ ತಾಗದ ಹಾಗೆ, ಎಡಗೈಯಲ್ಲೂ ಎಂಥ ಹಗುರ, ದಾರವನ್ನು ಗೂಟಕ್ಕೆ ಕಟ್ಟಿ ಮೀನನ್ನು ನೀರಿಗೆ ಬಿಟ್ಟ. ನೋಯಲ್ವಾ ತಾತ ಎಂದಿತು ಲಾಸ್ಯ. ಇಲ್ಲ ಕಣಮ್ಮ, ನೋಡು, ನೀರಾಗೇ ಐತಲ್ಲ, ಈಜ್ತಾ ಐತೆ. ಈಜುತ್ತಿತ್ತು, ಗೂಟದ ಸುತ್ತ, ದಾರ ಬಿಗಿಯಾಗುವವರೆಗೆ ಹೋಗಿ, ತಿರುಗಿ, ಮತ್ತೆ ಸುತ್ತ. ಈಗ ಹೇಳಬೇಕು, ಬಾಯಲ್ಲಿ ಸೀಸವಿಲ್ಲ, ಅಪ್ಪಾ ಎಂದಳು, ನಾನು ಸಂಜೆ ಬಸ್ಸಿಗೆ ಹೋಯ್ತೀನಿ, ನನಗೆ ಈ ಮದುವೆ — ಅಪ್ಪ ಎರಡನೆಯ ಗಾಳಕ್ಕೆ ಇನ್ನೊಂದು ಕೊಡು ಎಂದು ಕೈ ಚಾಚಿದ, ಅವಳು ಅಭ್ಯಾಸಬಲದಿಂದ ಕುಕ್ಕರುಗಾಲಲ್ಲಿ ಕೂತು ಬಲೆಯಿಂದ ಸಾಸಲು ಬಿಡಿಸತೊಡಗಿದಳು, ಹಗ್ಗದ ಕುಣಿಕೆ ಇನ್ನೂ ಮುಂಗೈಯಲ್ಲೇ, ಮಾತು ಅರ್ಧದಲ್ಲೇ, ಅಷ್ಟರಲ್ಲಿ ಏರಿ ಮೇಲೆ ಬೈಕಿನ ಸದ್ದಾಯಿತು, ಮಧ್ಯಾಹ್ನ ಎಂದಿದ್ದರಲ್ಲ, ಸದ್ದಿಗೆ ಹೆದರಿದ ಲಾಸ್ಯ ಓಡಿ ಬಂದು ತೊಡೆಯೇರಿ ಅವಳ ಹೊಟ್ಟೆಗೆ ಆತು ಕೂತಿತು, ಒದ್ದೆ ಚಡ್ಡಿ, ಬೆಲ್ಲದ ಕೈ, ಗುಬ್ಬಿಯಷ್ಟು ಎದೆಬಡಿತ.

ಎದ್ದುಬಿಡು ಹರಿತಾ, ಎದ್ದರೆ ಮಗು ಬೀಳುತ್ತದೆ, ಕೆಳಗೆ ಮುಳ್ಳುಕಡ್ಡಿ, ಬಲಗೈ ಆಗಲೇ ಅದರ ಬೆನ್ನ ಮೇಲೆ ಹೋಗಿದೆ, ಯಾವಾಗ ಹೋಯಿತು, ಯಾರು ಕಳಿಸಿದರು. ಏರಿಯ ಮೇಲೆ ಪೆದ್ದಣ್ಣ ಚಪ್ಪಲಿ ಬಿಟ್ಟು ನಿಂತು, ಮೇಲಿನಿಂದಲೇ ಕೈ ಮುಗಿದ, ಇಂಕೇಮಿ ಕಾಳಪ್ಪಾ, ಇನ್ನೇನು, ನಾವ್ ಹಾಕೋಕ್ ಮುಂಚೇನೇ ಮಗು ಹೋಗಿ ಕುಂತ್ಬುಟ್ಟೈತಲ್ಲ, ಗಂಗಮ್ಮನ ಎದ್ರಿಗೇ ಆಗೋಯ್ತು. ಅಪ್ಪ ನಗುತ್ತಿದ್ದಾನೆ, ಅಳುತ್ತಿದ್ದಾನೆ, ಭುಜದ ನೋವು ಮರೆತು ಕೈ ಎತ್ತುತ್ತಿದ್ದಾನೆ, ಇಲ್ಲ ಎನ್ನಬೇಕು, ಬಾಯಿ ಖಾಲಿ, ಖಾಲಿ ಬಾಯಲ್ಲಿ ಸೀಸದ ರುಚಿ, ಮಗುವಿನ ಕಿವಿ ಅವಳ ಎದೆಗೇ ಅಂಟಿದೆ, ಇಲ್ಲ ಎಂದರೆ ಮೊದಲು ಕೇಳುವುದು ಅದಕ್ಕೇ. ಅಮ್ಮಾ, ಎಂದಿತು ಲಾಸ್ಯ, ಬೆಲ್ಲ ಮುಗಿದಿದೆ, ಯಾರೂ ಕೇಳಿಲ್ಲ, ಆದರೂ ಅಂದಿತು, ನೋಡಮ್ಮಾ ಅದು, ಅಲ್ಲಿ, ಇನ್ನೂ ಸುತ್ತುತೈತೆ — ಸುತ್ತುತ್ತಿತ್ತು, ಬೆನ್ನಲ್ಲಿ ಗಾಳ, ಗೂಟದ ಸುತ್ತ, ದಾರ ಬಿಗಿಯಾಗುವವರೆಗೆ, ತಿರುಗಿ, ನೀರಲ್ಲೇ ಇತ್ತು, ಈಜುತ್ತಲೇ ಇತ್ತು, ಗೂಟದ ಸುತ್ತ, ದಾರ ಬಿಗಿಯಾಗುವವರೆಗೆ, ತಿರುಗಿ