ಮಗಳ ಜೊತೆ ಇದ್ದೆ

ಅಕ್ಕ ಮನೆಗಳ ನಕ್ಷೆ ಬಿಡಿಸುವವಳು. ಮದುವೆಗೆ ಮುಂಚಿನಿಂದಲೂ ಒಂದೇ ಕಚೇರಿಯಲ್ಲಿ ಕೂತು ಗೆರೆ ಎಳೆದೂ ಎಳೆದೂ ಅವಳಿಗೆ ಕನ್ನಡಕ ಬಂದಿತ್ತು. ಮಗಳಿಗೆ ರಕ್ತದ ಕಾಯಿಲೆ ಅಂತ ಗೊತ್ತಾದ ದಿನವೇ ಕೆಲಸ ಬಿಟ್ಟಳು. ಆಮೇಲೆ ಆಸ್ಪತ್ರೆಯೇ ಮನೆ, ಮನೆಯೇ ಆಸ್ಪತ್ರೆ; ಮಗಳ ಮಂಚದ ಪಕ್ಕದ ಕುರ್ಚಿಯೇ ಅವಳ ಜಾಗ. ಎಷ್ಟು ಹೋರಾಡಿದರೂ ಕಳೆದ ವರ್ಷ ಮಗಳು ಕೈಬಿಟ್ಟು ಹೋದಳು. ಅಂದಿನಿಂದ ಅಕ್ಕ ಹೊಸ್ತಿಲು ದಾಟಿದ್ದೇ ಅಪರೂಪ. ಗಂಡ ಕೆಲಸಕ್ಕೆ ಹೋದರೆ, ಕುಕ್ಕರ್ ಕೂಗಿದ್ದು ಬಿಟ್ಟರೆ ಮನೆಯಲ್ಲಿ ಸದ್ದಿಲ್ಲ.

"ಹೀಗೇ ಕೂತ್ರೆ ಗೋಡೆಗೂ ನಿಂಗೂ ವ್ಯತ್ಯಾಸ ಇರಲ್ಲ," ಅನ್ನುತ್ತ ಒಂದು ಭಾನುವಾರ ತಂಗಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಕಂಪನಿಗಳಿಗೆ ಜನ ಹುಡುಕಿಕೊಡುವುದೇ ಅವಳ ಕಸುಬು. ಉದ್ಯೋಗದ ಜಾಲತಾಣದಲ್ಲಿದ್ದ ಅಕ್ಕನ ಹಳೆಯ ಪ್ರೊಫೈಲ್ ತೆರೆದಳು. ಫೋಟೊದಲ್ಲಿ ಅಕ್ಕ ನಗುತ್ತಿದ್ದಳು.

"ಇದು ನಾನಾ?"

"ನೀನೇ. ಆದ್ರೂ ಬೇರೆ ಹಾಕೋಣ. ಇದನ್ನ ನೋಡಿ ಕರೆದವರು ಎದುರಿಗೆ ನೋಡಿ ಗಾಬರಿಯಾಗಬಾರದು."

ಅಕ್ಕನ ತುಟಿ ಚೂರು ಬಿರಿಯಿತು. ತಂಗಿಗೆ ಅಷ್ಟೇ ಸಾಕಿತ್ತು. ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ ಫೋಟೊ ತೆಗೆದಳು. ಅವಳು ನಕ್ಷೆ ಬಿಡಿಸಿದ ಮನೆ, ಶಾಲೆ, ಕ್ಲಿನಿಕ್ಕುಗಳನ್ನೆಲ್ಲ ಕೇಳಿ ಕೇಳಿ ಸೇರಿಸಿದಳು. ಕೊನೆಗೆ ಉಳಿದದ್ದು ಕೆಲಸವಿಲ್ಲದ ವರ್ಷಗಳು.

"ಇದನ್ನ ಖಾಲಿ ಬಿಟ್ರೆ ಯಾರೂ ಮುಂದೆ ಓದಲ್ಲ ಅಕ್ಕ. ದಿನಾ ನೋಡೋಳು ನಾನು," ಎಂದು ತಂಗಿ ಟೈಪ್ ಮಾಡಿದಳು: ಕುಟುಂಬದ ಸದಸ್ಯರೊಬ್ಬರ ಆರೈಕೆ. ಕಲಿತ ಕೌಶಲ: ತಾಳ್ಮೆ, ಸಮಯಪಾಲನೆ, ಒತ್ತಡ ನಿಭಾಯಿಸುವುದು.

ಅಕ್ಕ ಓದಿದಳು. ಮತ್ತೊಮ್ಮೆ ಓದಿದಳು.

"ಅದನ್ನ ಅಳಿಸು."

"ಎಲ್ರೂ ಹೀಗೇ ಹಾಕೋದು..."

"ನಂಗೆ ತಾಳ್ಮೆ ಕಲಿಸೋಕೆ ಅವಳು ಕಾಯಿಲೆ ಬಿದ್ದಿದ್ದಲ್ಲ ಕಣೇ. ನಾನೇನೂ ಕಲೀಲೂ ಇಲ್ಲ. ಸೂಜಿ ಚುಚ್ಚುವಾಗ ಅವಳೇ ನನ್ನ ಕೈ ಹಿಡ್ಕೊಳ್ತಿದ್ದಳು."

ತಂಗಿ ಅಳಿಸಿದಳು. ಅಕ್ಕ ಲ್ಯಾಪ್‌ಟಾಪ್ ತನ್ನ ಕಡೆಗೆ ಎಳೆದುಕೊಂಡು ಬರೆದಳು: ಮಗಳ ಜೊತೆ ಇದ್ದೆ.

ಕೆಲವು ವಾರ ಕಳೆದ ಮೇಲೆ ಕಟ್ಟಡ ಕಟ್ಟಿಸುವ ಕಂಪನಿಯೊಂದರಿಂದ ಒಬ್ಬ ಹೆಂಗಸು ಫೋನ್ ಮಾಡಿದಳು.

"ನಿಮ್ಮ ನಕ್ಷೆಗಳು ಚೆನ್ನಾಗಿವೆ ಮೇಡಂ. ಮಗಳು ಈಗ ಸ್ಕೂಲಿಗೆ ಹೋಗ್ತಿರಬೇಕು, ಅಲ್ವಾ? ದಿನಪೂರ್ತಿ ಬರೋಕೆ ತೊಂದರೆ ಇಲ್ಲ ತಾನೆ?"

ಹೂಂ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. "ತೊಂದರೆ ಇಲ್ಲ," ಅಂದಳು ಅಕ್ಕ. ಸ್ವಲ್ಪ ತಡೆದು, "ಮಗಳಿಲ್ಲ ಈಗ," ಅಂದಳು.

ಆ ಕಡೆಯವಳು ಕ್ಷಮೆ ಕೇಳಿ, ಸಂದರ್ಶನಕ್ಕೆ ಬರಬೇಕಾದ ದಿನ ಹೇಳಿದಳು.

ಕೆಲಸವೇನೋ ಸಿಕ್ಕಿತು. ಗಂಡ ಅವಳ ಹಳೆಯ ಚಪ್ಪಲಿಗೆ ಹೊಲಿಗೆ ಹಾಕಿಸಿಕೊಂಡು ಬಂದ.

ಮೊದಲು ಕೊಟ್ಟದ್ದು ಪುಟ್ಟ ಮನೆಯೊಂದರ ನಕ್ಷೆ. ಹಾಲ್, ಅಡುಗೆಮನೆ ಸಲೀಸಾಗಿ ಮುಗಿದವು. ಮಕ್ಕಳ ಕೋಣೆಗೆ ಬಂದಾಗ ಕೈ ನಿಂತಿತು. ಮಂಚವನ್ನು ಹೊರಗಿನಿಂದಲೇ ಕಾಣುವಂತೆ ಬಾಗಿಲಿಗೆ ಎದುರಾಗಿ ಇಟ್ಟಳು. ಪಕ್ಕದಲ್ಲಿ ಒಂದು ಕುರ್ಚಿ ಹಿಡಿಸುವಷ್ಟು ಜಾಗ ಬಿಟ್ಟಳು.

ಹಿರಿಯ ಎಂಜಿನಿಯರ್ ಬಂದು ನೋಡಿದರು. "ಮಂಚ ಗೋಡೆಗೆ ಸೇರಿಸಿದ್ರೆ ಜಾಗ ಉಳಿಯುತ್ತಲ್ಲಮ್ಮ. ಇಲ್ಲೇನಿಡೋದು?"

"ಏನೂ ಇಲ್ಲ ಸರ್," ಅಂದು ಅಕ್ಕ ಮಂಚವನ್ನು ಗೋಡೆಗೆ ಸರಿಸಿದಳು.

ಎಲ್ಲರೂ ಊಟಕ್ಕೆ ಎದ್ದು ಹೋದ ಮೇಲೆ ಅಂಗೈಯಿಂದ ಬಾಯಿ ಒತ್ತಿ ಹಿಡಿದು ಅತ್ತಳು. ಮಗಳು ಹೋದ ದಿನವೂ ಅವಳು ಅಷ್ಟು ಅತ್ತಿರಲಿಲ್ಲ. ಆಮೇಲೆ ಮುಖ ತೊಳೆದುಕೊಂಡು ಬಂದು, ನಕ್ಷೆಯಲ್ಲಿ ಬಚ್ಚಲುಮನೆಯ ಗೆರೆ ಎಳೆಯತೊಡಗಿದಳು.